ಹೊಸ ಆ್ಯಕ್ಷನ್ ಸಿನಿಮಾ ಯಾವ ಹಾಲ್‌ನಲ್ಲಿ ನೋಡಬೇಕು: ಅಲುಗಾಡುವ ಸೀಟು, 3ಡಿ, ಐಮ್ಯಾಕ್ಸ್, ಸಾದಾ 2ಡಿ

ಮೊದಲೇ ಹೇಳಿಬಿಡುತ್ತೇನೆ, ಹೊಸ ಆ್ಯಕ್ಷನ್ ಸಿನಿಮಾ ಬಂದರೆ ನಾನು ಟಿಕೆಟ್ ತಗೊಳ್ಳುವುದು ಲೇಸರ್ ಪ್ರೊಜೆಕ್ಟರ್ ಮತ್ತು ಡಾಲ್ಬಿ ಅಟ್ಮಾಸ್ (ತಲೆಯ ಮೇಲಿಂದಲೂ ಸದ್ದು ಬರುವ ಧ್ವನಿ ವ್ಯವಸ್ಥೆ) ಇರುವ ಸಾದಾ 2ಡಿ ಹಾಲ್‌ಗೆ. ದೈತ್ಯ ಪರದೆಯ ಐಮ್ಯಾಕ್ಸ್ ಆಯ್ದ ಕೆಲವು ಸಿನಿಮಾಗಳಿಗೆ ಮಾತ್ರ. 3ಡಿ ಮತ್ತು ಅಲುಗಾಡುವ ಸೀಟು, ಎರಡನ್ನೂ ನೋಡಿ ಸಾಕಾಗಿ ಬಿಟ್ಟಿದ್ದೇನೆ. ಫೈಟ್ ಅಂದಮೇಲೆ ಯಾರು ಎಲ್ಲಿ ನಿಂತಿದ್ದಾರೆ, ಏಟು ಯಾವ ಕಡೆಯಿಂದ ಬಂತು, ಮೇಲಿಂದ ಹಾರಿದ್ದು ನಿಜವಾದ ಸ್ಟಂಟ್ ಕಲಾವಿದನೋ ಗ್ರಾಫಿಕ್ಸೋ ಅನ್ನುವುದು ಕಣ್ಣಿಗೆ ಸ್ಪಷ್ಟವಾಗಿ ಕಾಣಬೇಕು. ಅದು ಕಾಣದಿದ್ದರೆ ಟಿಕೆಟ್‌ಗೆ ಎಷ್ಟು ಕೊಟ್ಟರೂ ದಂಡವೇ.

ಅಲುಗಾಡುವ ಸೀಟು

ಈ ಹಾಲ್‌ಗಳಲ್ಲಿ ಸಾಮಾನ್ಯವಾಗಿ ನಾಲ್ಕು ಸೀಟುಗಳನ್ನು ಒಂದೇ ತಳಪಾಯದ ಮೇಲೆ ಕೂರಿಸಿರುತ್ತಾರೆ. ಅದು ಮೇಲೆ ಕೆಳಗೆ ಏರಿಳಿಯುತ್ತದೆ, ಹಿಂದೆ ಮುಂದೆ ಬಾಗುತ್ತದೆ, ಎಡಕ್ಕೆ ಬಲಕ್ಕೆ ವಾಲುತ್ತದೆ. ಜೊತೆಗೆ ಗಾಳಿ, ನೀರಿನ ತುಂತುರು, ಹೊಗೆ, ಮಿಂಚಿನ ದೀಪ, ವಾಸನೆ. ಎಲ್ಲವನ್ನೂ ಸಿನಿಮಾದ ಒಂದೊಂದು ಕ್ಷಣಕ್ಕೂ ಮೊದಲೇ ಪ್ರೋಗ್ರಾಂ ಮಾಡಿರುತ್ತಾರೆ. ವಿಮಾನ ಅಥವಾ ಕಾರ್ ಚೇಸಿಂಗ್‌ನಲ್ಲಿ, ಕ್ಯಾಮೆರಾ ಗಾಡಿಯಲ್ಲೇ ಕೂತಿದ್ದು ಶಾಟ್ ಸ್ವಲ್ಪ ಉದ್ದವಿದ್ದರೆ, ಇದು ನಿಜಕ್ಕೂ ಚೆನ್ನಾಗಿರುತ್ತದೆ. ತಿರುವು ಬಂದ ಹಾಗೆ ಮೈಯೂ ವಾಲುತ್ತದೆ.

ಕೆಡುವುದು ಕೈಕೈ ಮಿಲಾಯಿಸುವ ಫೈಟ್‌ನಲ್ಲಿ. ಈಗಿನ ಫೈಟ್‌ಗಳಲ್ಲಿ ಎರಡು ಸೆಕೆಂಡಿಗೊಂದು ಕಟ್ ಬೀಳುತ್ತದೆ, ಕೆಲವೊಮ್ಮೆ ಅದಕ್ಕಿಂತ ಬೇಗ. ಪರದೆಯ ಮೇಲೆ ಶಾಟ್ ಬದಲಾಗಲು ಹೊತ್ತೇ ಬೇಡ. ನಾಲ್ಕು ಜನರ ಭಾರ ಹೊತ್ತ ಸೀಟು ಎಡಕ್ಕೆ ವಾಲಿ, ನಿಂತು, ಬಲಕ್ಕೆ ತಿರುಗಲು ಹೊತ್ತು ಬೇಕು. ಹಾಗಾಗಿ ಪರದೆಯಲ್ಲಿ ಮುಂದಿನ ಶಾಟ್ ಬಂದು ಇಬ್ಬರೂ ಅಲ್ಲಾಡದೆ ಎದುರುಬದುರು ನಿಂತಿರುವಾಗಲೂ ಮೈ ಹಿಂದಿನ ಶಾಟ್‌ನ ಗೂಸಾಕ್ಕೇ ತೂಗುತ್ತಿರುತ್ತದೆ. ಕಣ್ಣು ಒಂದು ಹೇಳುತ್ತದೆ, ಒಳಗಿವಿಯ ಸಮತೋಲನ ಇನ್ನೊಂದು ಹೇಳುತ್ತದೆ. ತಲೆ ಸುತ್ತಿ ವಾಕರಿಕೆ ಬರುವುದು ಇದರಿಂದಲೇ.

ಇದಕ್ಕಿಂತ ದೊಡ್ಡ ಕಿರಿಕಿರಿ ಬೆನ್ನಿಗೆ ಬೀಳುವ ಗುದ್ದು. ಹೀರೋ ಹೊಡೆದರೂ ನಮ್ಮ ಬೆನ್ನಿಗೆ ಗುದ್ದು, ವಿಲನ್ ಹೊಡೆದರೂ ನಮ್ಮ ಬೆನ್ನಿಗೇ ಗುದ್ದು. ಯಾರಾದರೂ ಗೋಡೆಗೆ ಬಡಿದುಕೊಂಡರೂ ಅದೇ. ನಾವು ಯಾರ ಪಕ್ಷ ಅನ್ನುವುದು ಸೀಟಿಗೆ ಗೊತ್ತಿಲ್ಲ. ಒಳ್ಳೆಯ ಫೈಟ್ ಮಾಸ್ಟರ್ ಒಂದೊಂದು ಏಟಿಗೂ ಬೇರೆ ಬೇರೆ ತೂಕ ಕೊಟ್ಟಿರುತ್ತಾನೆ: ಮೊದಲ ಮೂರು ಏಟು ಬರೀ ತಡೆ, ನಾಲ್ಕನೆಯದು ಪಕ್ಕೆಗೆ, ಅಲ್ಲಿಂದ ಫೈಟ್ ತಿರುಗುತ್ತದೆ. ಸೀಟು ನಾಲ್ಕಕ್ಕೂ ಒಂದೇ ಗುದ್ದು ಕೊಟ್ಟು ಆ ಲೆಕ್ಕವನ್ನೇ ಅಳಿಸಿಹಾಕುತ್ತದೆ. ಐದು ನಿಮಿಷದ ಫೈಟ್ ಮುಗಿಯುವಷ್ಟರಲ್ಲಿ ಗಮನವೆಲ್ಲ ಬೆನ್ನಿನ ಮೇಲೆ.

ಬೆಳಕಿನದೂ ಇದೇ ಕಥೆ. ರಾತ್ರಿಯ ದೃಶ್ಯದಲ್ಲಿ ಗುಂಡು ಹಾರಿದಾಗಲೆಲ್ಲ ಹಾಲ್‌ನ ಮಿಂಚಿನ ದೀಪ ಹೊತ್ತಿಕೊಂಡರೆ ಆ ಬೆಳಕು ಪರದೆಗೂ ಬಿದ್ದು ಕಪ್ಪು ಬೂದಿಯಾಗುತ್ತದೆ. ಹೊಗೆ ಬಿಟ್ಟರೆ ಮುಂದಿನ ಸಾಲಿನವರಿಗೆ ಪರದೆಯ ಕೆಳಭಾಗ ಮಸುಕು. ಫ್ಯಾನ್ ಸದ್ದಿಗೆ ಪಿಸುಮಾತು ಕೇಳುವುದಿಲ್ಲ. ಕನ್ನಡಕ ಹಾಕುವವರು ಗಾಜು ಒರೆಸುತ್ತಲೇ ಇರಬೇಕು. ಕೈಯಿಡುವ ಜಾಗದಲ್ಲಿ ನೀರು ನಿಲ್ಲಿಸುವ ಗುಂಡಿ ಇದ್ದರೆ ಕೂತ ತಕ್ಷಣ ಒತ್ತಿಬಿಡಿ. ಅಲುಗಾಟ ನಿಲ್ಲಿಸುವ ಗುಂಡಿ ಮಾತ್ರ ಸಾಮಾನ್ಯವಾಗಿ ಇರುವುದಿಲ್ಲ. ಬೆನ್ನು, ಕುತ್ತಿಗೆ ನೋವಿರುವವರು, ಗರ್ಭಿಣಿಯರು ಈ ಹಾಲ್‌ಗೆ ಹೋಗಲೇಬಾರದು.

ಇದೇ ಜಾತಿಯ ಡಿ-ಬಾಕ್ಸ್ ಸೀಟು ಎಷ್ಟೋ ವಾಸಿ: ನೀರು, ಹೊಗೆ ಇಲ್ಲ, ಅಲುಗಾಟ ಎಷ್ಟಿರಬೇಕು ಅನ್ನುವುದನ್ನು ಪ್ರತಿ ಸೀಟಿನಲ್ಲೂ ಬೇರೆಯಾಗಿ ತಗ್ಗಿಸಿಕೊಳ್ಳಬಹುದು.

3ಡಿ

ಬೆಳಕು ಸಾಲದು. 2ಡಿಗೆ ಪರದೆಯ ಹೊಳಪು 14 ಫುಟ್-ಲ್ಯಾಂಬರ್ಟ್, ಅಂದರೆ 48 ನಿಟ್ ಇರಬೇಕು ಅನ್ನುವುದು ಡಿಜಿಟಲ್ ಸಿನಿಮಾದ ಮಾನದಂಡ. 3ಡಿಯಲ್ಲಿ ಪ್ರೊಜೆಕ್ಟರ್ ಮುಂದಿನ ಫಿಲ್ಟರ್ ಮತ್ತು ಕನ್ನಡಕ ದಾಟಿ ಕಣ್ಣಿಗೆ ತಲುಪುವುದು ಸಾಮಾನ್ಯವಾಗಿ ಅದರ ಮೂರನೇ ಒಂದು ಪಾಲು, ಕೆಲವು ಕಡೆ ಅದೂ ಇಲ್ಲ. ಕತ್ತಲ ಫೈಟ್‌ನಲ್ಲಿ ಕಪ್ಪು ಬಟ್ಟೆಯ ಇಬ್ಬರು ಹೊಡೆದಾಡಿದರೆ ಯಾರು ಯಾರೆಂದು ತಿಳಿಯುವುದೇ ಇಲ್ಲ. ಪ್ರತಿ ಕಟ್‌ಗೂ ಆಳ ಬದಲಾಗುವುದರಿಂದ ಕಣ್ಣು ಹೊಂದಿಕೊಳ್ಳುವಷ್ಟರಲ್ಲಿ ಶಾಟ್ ಮುಗಿದಿರುತ್ತದೆ. ಮಾಮೂಲಿ ಕ್ಯಾಮೆರಾದಲ್ಲಿ ತೆಗೆದು ಆಮೇಲೆ 3ಡಿಗೆ ಪರಿವರ್ತಿಸಿದ ಆ್ಯಕ್ಷನ್ ಸಿನಿಮಾಗಳಿಗೆ ನಾನು ಈ ಟಿಕೆಟ್ ತಗೊಳ್ಳುವುದಿಲ್ಲ.

ಐಮ್ಯಾಕ್ಸ್

ಪರದೆ ದೊಡ್ಡದು ಅಂತ ಹೋಗಬೇಡಿ, ಆ ಸಿನಿಮಾದಲ್ಲಿ ಐಮ್ಯಾಕ್ಸ್‌ಗೆಂದೇ ಎತ್ತರಿಸಿದ ದೃಶ್ಯಗಳಿವೆಯೇ ಅಂತ ಮೊದಲು ನೋಡಿ. ಮಾಮೂಲಿ ಅಗಲ ಚೌಕಟ್ಟಿನಲ್ಲಿ ಅಗಲಕ್ಕೂ ಎತ್ತರಕ್ಕೂ ಇರುವ ಅನುಪಾತ 2.39:1. ಡಿಜಿಟಲ್ ಐಮ್ಯಾಕ್ಸ್‌ನದು 1.90:1. ಅಗಲ ಅಷ್ಟೇ ಇದ್ದು ಎತ್ತರ ಸುಮಾರು 26% ಹೆಚ್ಚು. 70 ಎಂಎಂ ಐಮ್ಯಾಕ್ಸ್ ಫಿಲ್ಮ್‌ನಲ್ಲಿ 1.43:1, ಆದರೆ ಅದನ್ನು ಪೂರ್ತಿ ತೋರಿಸುವ ಹಾಲ್‌ಗಳು ಬೆರಳೆಣಿಕೆ. 2008ರ ‘ದಿ ಡಾರ್ಕ್ ನೈಟ್’ ಕೆಲವು ದೃಶ್ಯಗಳನ್ನು ಐಮ್ಯಾಕ್ಸ್ ಕ್ಯಾಮೆರಾದಲ್ಲೇ ತೆಗೆದು ಈ ದಾರಿ ತೆರೆಯಿತು. ಎತ್ತರದಿಂದ ಜಿಗಿಯುವ, ಕಟ್ಟಡ ಹತ್ತುವ ದೃಶ್ಯಗಳಲ್ಲಿ ಆ ಹೆಚ್ಚಿನ ಎತ್ತರ ಪ್ರಪಾತವನ್ನು ಕಣ್ಣ ಮುಂದೆ ತಂದು ನಿಲ್ಲಿಸುತ್ತದೆ. ಅಂಥ ಸಿನಿಮಾಗೆ ಹೆಚ್ಚಿನ ದುಡ್ಡು ಕೊಡಲು ನನಗೆ ಸ್ವಲ್ಪವೂ ಬೇಜಾರಿಲ್ಲ.

ಎತ್ತರಿಸಿದ ದೃಶ್ಯ ಇಲ್ಲದಿದ್ದರೆ ಮೇಲೆ ಕೆಳಗೆ ಕಪ್ಪು ಪಟ್ಟಿ ಇಟ್ಟುಕೊಂಡೇ ನೋಡಬೇಕಾಗುತ್ತದೆ. ಕ್ಯಾಮೆರಾ ಕೈಯಲ್ಲಿ ಹಿಡಿದು ಹತ್ತಿರದಿಂದ ತೆಗೆದ ಫೈಟ್‌ಗಳೂ ಇಲ್ಲಿ ಹಿಂಸೆ. ಕಣ್ಣು ಎಡದಿಂದ ಬಲಕ್ಕೆ ಓಡುವಷ್ಟರಲ್ಲಿ ಕಟ್ ಆಗಿರುತ್ತದೆ.

ಸಾದಾ 2ಡಿ, ಲೇಸರ್, ಅಟ್ಮಾಸ್

ನನ್ನ ಆಯ್ಕೆ ಇದು. ಚಿತ್ರ ಬೆಳಕಾಗಿರುತ್ತದೆ, ಬೆನ್ನು ನೆಮ್ಮದಿಯಾಗಿರುತ್ತದೆ. ಹೆಲಿಕಾಪ್ಟರ್ ತಲೆಯ ಮೇಲೆ ಹಿಂದಿನಿಂದ ಮುಂದಕ್ಕೆ ಹೋದದ್ದು, ಗುಂಡು ಎಡಗಡೆಯ ಗೋಡೆಗೆ ತಗುಲಿದ್ದು ಕಿವಿಗೇ ಗೊತ್ತಾಗುತ್ತದೆ. ಸೀಟು ಅಲ್ಲಾಡಿಸಿ ಹೇಳಲು ಹೊರಟಿದ್ದನ್ನು ಸದ್ದು ಇನ್ನೂ ನಿಖರವಾಗಿ ಹೇಳುತ್ತದೆ.

ಆದರೆ ಹಾಲ್ ನೋಡಿಕೊಳ್ಳುವವರು ಸರಿಯಿರಬೇಕು. ಸೌಂಡ್ ಫೇಡರ್, ಅಂದರೆ ಹಾಲ್‌ನ ಸದ್ದು ಏರಿಳಿಸುವ ಗುಂಡಿ, 7ರಲ್ಲಿರಬೇಕು ಅಂತ ಲೆಕ್ಕ ಹಾಕಿಯೇ ಮಿಕ್ಸಿಂಗ್ ಮಾಡಿರುತ್ತಾರೆ. ಯಾರೋ ಜೋರಾಯಿತು ಅಂದರೆಂದು 5ಕ್ಕೆ ಇಳಿಸಿದರೆ ಹತ್ತಿರ ಹತ್ತಿರ 6.7 ಡೆಸಿಬೆಲ್ ಹೋಯಿತು. ಮಾತು ಮುಳುಗುತ್ತದೆ, ಸ್ಫೋಟ ಸಪ್ಪೆಯಾಗುತ್ತದೆ. ಇನ್ನೊಂದು, 3ಡಿಯನ್ನೂ ಹಾಕುವ ಹಾಲ್‌ಗಳಲ್ಲಿ 2ಡಿ ಶೋಗೆ 3ಡಿ ಫಿಲ್ಟರ್ ತೆಗೆಯಲು ಮರೆಯುವುದು. ಜಾಹೀರಾತು ಮುಗಿದು ಸಿನಿಮಾ ಶುರುವಾದಾಗ ಹಗಲಿನ ದೃಶ್ಯವೂ ಮಂಕಾಗಿದ್ದರೆ ಎದ್ದು ಹೋಗಿ ಸಿಬ್ಬಂದಿಗೆ ‘3ಡಿ ಫಿಲ್ಟರ್ ತೆಗೆದಿದ್ದೀರಾ ನೋಡಿ’ ಎಂದು ಹೇಳಿ. ‘ಸರಿ ಕಾಣ್ತಿಲ್ಲ’ ಅಂತಷ್ಟೇ ಹೇಳಿದರೆ ಯಾರೂ ಕದಲುವುದಿಲ್ಲ. 3ಡಿಗೆ ಹಾಕಿದ ಬೆಳ್ಳಿ ಬಣ್ಣದ ಪರದೆಯಲ್ಲಿ ನಡುವೆ ಹೊಳಪು, ಅಂಚಿನಲ್ಲಿ ಮಂಕು ಇರುತ್ತದೆ. ಅಂಥ ಹಾಲ್‌ನಲ್ಲಿ ಸಾಲಿನ ತುದಿಯ ಸೀಟು ಬೇಡವೇ ಬೇಡ.

ಸೀಟು ಎಲ್ಲಿ? ಪರದೆಯ ಅಗಲದ ಒಂದೂವರೆ ಪಟ್ಟು ದೂರ ಕೂತರೆ ಚಿತ್ರ ಕಣ್ಣಿನ ನೋಟದಲ್ಲಿ ಅಡ್ಡಕ್ಕೆ ಸುಮಾರು 37 ಡಿಗ್ರಿ ತುಂಬುತ್ತದೆ. ಕಟ್ ಜಾಸ್ತಿ ಇರುವ ಸಿನಿಮಾಗೆ ಇದೇ ಹದ. ಒಂದು ಪಟ್ಟು ದೂರಕ್ಕೆ ಬಂದರೆ 53 ಡಿಗ್ರಿ. ಉದ್ದುದ್ದ ಶಾಟ್‌ಗಳ ಸಿನಿಮಾಗೆ ಮಾತ್ರ ಇದು ಸರಿ.

ಚೆನ್ನಾಗಿ ಕಟ್ಟಿದ ಫೈಟನ್ನು ನಾನು ಎರಡನೇ ಸಲ ನೋಡುತ್ತೇನೆ. ಮೊದಲ ಸಲ ಕಥೆಗೆ, ಎರಡನೇ ಸಲ ಕಾಲುಗಳ ಚಲನೆಗೆ, ಕಟ್ ಎಲ್ಲಿ ಬಚ್ಚಿಟ್ಟಿದ್ದಾರೆ ಅನ್ನುವುದಕ್ಕೆ. ಅಲುಗಾಡುವ ಸೀಟಿನ ಒಂದು ಟಿಕೆಟ್‌ಗೆ ಇಡುವ ದುಡ್ಡಿನಲ್ಲಿ ಸಾದಾ ಹಾಲ್‌ನ ಎರಡು ಟಿಕೆಟ್ ಹೆಚ್ಚುಕಡಿಮೆ ಬಂದುಬಿಡುತ್ತವೆ. ಒಂದೇ ಸಲ ನೋಡುವವರು, ಆ ಸಿನಿಮಾದಲ್ಲಿ ಚೇಸಿಂಗೇ ಜಾಸ್ತಿ ಅಂತ ಗೊತ್ತಿದ್ದರೆ, ಡಿ-ಬಾಕ್ಸ್ ಸೀಟನ್ನು ಅರ್ಧ ಮಟ್ಟಕ್ಕೆ ತಗ್ಗಿಸಿಕೊಂಡು ನೋಡಬಹುದು.