ಪಿಕಪ್‌ಗೆ ಸಾಲಿಡ್ ಆಕ್ಸಲ್ ಹಾಕಿಸ್ತೀರಾ? "ಕಾಯಿಲ್‌ಓವರ್ ಹಾಕುವ ಸಾರ್" ಅಂದ ಕೂಡಲೇ ಎದ್ದು ಬನ್ನಿ

ಗ್ಯಾರೇಜಿನ ಹೆಸರು ಹಾಕುವುದಿಲ್ಲ, ಕೇಳಬೇಡಿ. ಕಾಸರಗೋಡಿನ ಆಚೀಚೆ ಇಂಥ ಕೆಲಸ ಮಾಡುತ್ತೇವೆ ಅನ್ನುವವರು ಎಷ್ಟು ಮಂದಿ ಅಂತ ನಿಮಗೇ ಗೊತ್ತು.

ನಮ್ಮ ಇಸುಝು ವಿ-ಕ್ರಾಸ್ ಪಿಕಪ್‌ನ ಮುಂದಿನ ಐಎಫ್‌ಎಸ್ (ಎರಡು ಚಕ್ರವೂ ಬೇರೆ ಬೇರೆ ಆಡುವ ಸಸ್ಪೆನ್ಶನ್) ತೆಗೆದು ಸಾಲಿಡ್ ಆಕ್ಸಲ್ (ಎರಡೂ ಚಕ್ರ ಸೇರಿಸುವ ಒಂದೇ ಗಟ್ಟಿ ಆಕ್ಸಲ್) ಕೂರಿಸುವ ಕೆಲಸ. ಮಾತಾದದ್ದು ತ್ರೀ-ಲಿಂಕ್ (ಆಕ್ಸಲ್ ಹಿಂದೆ ಮುಂದೆ ಹೋಗದಂತೆ ಹಿಡಿಯುವ ಮೂರು ಕೋಲು), ಪ್ಯಾನ್‌ಹಾರ್ಡ್ ರಾಡ್ (ಬದಿಗೆ ಸರಿಯದಂತೆ ಹಿಡಿಯುವ ಅಡ್ಡ ಕೋಲು), ಕಾಯಿಲ್‌ಓವರ್ (ಶಾಕಿನ ಸುತ್ತ ಕೂರುವ ಕಾಯಿಲ್ ಸ್ಪ್ರಿಂಗ್). ಲಿಂಕ್‌ಗಳಿಗೆ 6 ಎಂಎಂ ದಪ್ಪದ ಸೀಮ್‌ಲೆಸ್, ಅಂದರೆ ಉದ್ದಕ್ಕೂ ಬೆಸುಗೆ ಇಲ್ಲದ ಪೈಪ್. ಬಿಲ್ಲಿನಲ್ಲೂ ಹಾಗೆಯೇ ಬರೆದಿದ್ದಾರೆ. ಗಾಡಿಯ ಅಡಿಯಲ್ಲಿ ಇದ್ದದ್ದೇ ಬೇರೆ.

ಚೆರ್ಕಳ–ಜಾಲ್ಸೂರು ರಸ್ತೆಯಲ್ಲಿ ಸಣ್ಣ ಹೊಂಡಕ್ಕೆ ಚಕ್ರ ಇಳಿದರೂ ಸ್ಟೀರಿಂಗ್ ತಾನಾಗಿಯೇ ಎಳೆಯುತ್ತದೆ. ವೇಗ 60 ದಾಟಿದರೆ ಮುಂಭಾಗ ಇಡೀ ನಡುಗುತ್ತದೆ. ಫೋನ್ ಮಾಡಿದರೆ "ಅಲೈನ್‌ಮೆಂಟ್ ಮಾಡಿಸಿ ಸಾರ್". ಮಾಡಿಸಿ ಆಯಿತು, ಅದೇ ಕತೆ. "ಟಯರ್ ದೊಡ್ಡದಲ್ವಾ, ಸ್ವಲ್ಪ ಇರ್ತದೆ." ಅದರ ನಂತರ "ಸ್ಟೀರಿಂಗ್ ಡ್ಯಾಂಪರ್ ಒಂದು ಹಾಕುವ, ಕುಳಪ್ಪ (ತೊಂದರೆ) ಇಲ್ಲ". ಡ್ಯಾಂಪರಿಗೆ ದುಡ್ಡು ಬೇರೆ!

ಡ್ಯಾಂಪರ್ ಅಂದರೆ ಸ್ಟೀರಿಂಗಿನ ನಡುಕ ತಗ್ಗಿಸುವ ಸಣ್ಣ ಶಾಕ್. ಅದು ಇದಕ್ಕೆ ಮದ್ದೇ ಅಲ್ಲ, ರೋಗ ಮುಚ್ಚಿಡುವ ಬಟ್ಟೆ ಅಷ್ಟೆ. ಆಕ್ಸಲ್ ಮೇಲೆ ಕೆಳಗೆ ಹೋಗುವಾಗ ಪ್ಯಾನ್‌ಹಾರ್ಡ್ ಅದನ್ನು ಒಂದು ಕಮಾನಿನಲ್ಲಿ ಬದಿಗೆ ಒಯ್ಯುತ್ತದೆ. ಡ್ರ್ಯಾಗ್ ಲಿಂಕ್ (ಸ್ಟೀರಿಂಗಿನಿಂದ ಚಕ್ರಕ್ಕೆ ಹೋಗುವ ಕೋಲು) ಕೂಡ ಅದೇ ಕಮಾನಿನಲ್ಲಿ ಹೋಗಬೇಕು. ಅಂದರೆ ಎರಡೂ ಸಮಾನಾಂತರ ಇರಬೇಕು, ಉದ್ದವೂ ಹೆಚ್ಚುಕಮ್ಮಿ ಒಂದೇ ಇರಬೇಕು. ಇಲ್ಲಿ ಪ್ಯಾನ್‌ಹಾರ್ಡ್ ಬಹುತೇಕ ಮಟ್ಟ, ಡ್ರ್ಯಾಗ್ ಲಿಂಕ್ ಏಣಿ ಇಟ್ಟ ಹಾಗೆ ಓರೆ. ಎರಡರ ನಡುವಿನ ವ್ಯತ್ಯಾಸ ನಿಮ್ಮ ಚಕ್ರ ತಿರುಗಿಸುತ್ತದೆ. ಸರಿಮಾಡಬೇಕಾದರೆ ನಕಲ್‌ಗೆ (ಚಕ್ರ ಕೂರುವ, ತಿರುಗುವ ಭಾಗಕ್ಕೆ) ಎತ್ತರದ ಸ್ಟೀರಿಂಗ್ ಆರ್ಮ್ ಹಾಕಿ ಡ್ರ್ಯಾಗ್ ಲಿಂಕನ್ನು ಮಟ್ಟಕ್ಕೆ ತರಬೇಕು, ಇಲ್ಲವೇ ಪ್ಯಾನ್‌ಹಾರ್ಡ್‌ನ ಚಾಸಿ ಬದಿಯ ಬ್ರಾಕೆಟ್ ಮೇಲೇರಿಸಬೇಕು. ಆ ಬ್ರಾಕೆಟ್ಟಾದರೂ ಹೇಗಿತ್ತು? ಒಂದೇ ಪಟ್ಟಿ, ಬೋಲ್ಟ್ ಒಂದೇ ಬದಿಯಿಂದ. ಎರಡು ಪಟ್ಟಿಗಳ ನಡುವೆ ಬುಶ್ ಕೂರಬೇಕು, ಬ್ರಾಕೆಟ್ ಕ್ರಾಸ್‌ಮೆಂಬರಿಗೆ ಕಟ್ಟಿಕೊಂಡಿರಬೇಕು. ಬೋಲ್ಟಿನ ತೂತು ಆಗಲೇ ಮೊಟ್ಟೆಯಾಕಾರ ಆಗಿತ್ತು. ನಡುಕ ಬಾರದೆ ಇನ್ನೆಂತ ಬರುತ್ತದೆ?

ಸಹಿಸಲಾಗದ್ದು ಲಿಂಕಿನ ವಿಷಯ. ಮುರಕಲ್ಲಿನ ಒಂದು ಮೆಟ್ಟಿಲಿಗೆ ತಾಗಿದ್ದಷ್ಟೇ, ಕೆಳಗಿನ ಲಿಂಕ್ ಬಾಗಿತು. 6 ಎಂಎಂ ಸೀಮ್‌ಲೆಸ್ ಹಾಗೆ ಬಾಗುವುದಿಲ್ಲ. ಗ್ರೈಂಡರಿನಲ್ಲಿ ಕತ್ತರಿಸಿ ಒಳಗೆ ಬೆರಳು ಹಾಕಿದರೆ ಉದ್ದಕ್ಕೂ ಒಂದು ಏಣು. ವೆಲ್ಡ್ ಮಾಡಿದ ಇಆರ್‌ಡಬ್ಲ್ಯೂ ಪೈಪ್! ವರ್ನಿಯರ್ ಇಟ್ಟರೆ 3.2 ಎಂಎಂ. ತೋಟಕ್ಕೆ ನೀರು ಬಿಡುವ ಪೈಪಿನ ದಪ್ಪ. ಈ ಕೆಲಸ ಬಲ್ಲವರಿಗೇ ಹೀಗೆ ಟೋಪಿ ಹಾಕುತ್ತಾರೆ, ನಾಚಿಕೆಯೇ ಆಗುತ್ತದೆ. ತುಂಡು ತೆಗೆದುಕೊಂಡು ಹೋಗಿ ಟೇಬಲ್ ಮೇಲೆ ಇಟ್ಟಾಗ ಬಂದ ಉತ್ತರ: "ಸೀಮ್‌ಲೆಸ್ ಇಲ್ಲಿ ಸಿಗುದಿಲ್ಲ ಸಾರ್, ಇದೂ ಗಟ್ಟಿಯೇ." ಸಿಗುವುದಿಲ್ಲವಾದರೆ ಬಿಲ್ಲಿನಲ್ಲಿ ಬರೆದದ್ದು ಎಂತಕ್ಕೆ? ಅದಕ್ಕೆ ಉತ್ತರವೇ ಇಲ್ಲ, ಮೊಬೈಲ್ ನೋಡುತ್ತಾ ಕೂತರು.

ಕಾಯಿಲ್‌ಓವರ್ ಸ್ಪ್ರಿಂಗ್ ಎಷ್ಟು ಕೆಜಿಯದ್ದು ಅಂತ ಕೇಳಿದರೆ "ಹೆವಿ ಡ್ಯೂಟಿ". ಹೆವಿ ಡ್ಯೂಟಿ ಅಂತ ಅಳತೆ ಇಲ್ಲ ಮಾರಾಯ್ರೆ. ವೇ ಬ್ರಿಜ್‌ನಲ್ಲಿ ಮುಂದಿನ ಚಕ್ರ ಮಾತ್ರ ಹತ್ತಿಸಿ ತೂಕ ನೋಡಿ. ಉದಾಹರಣೆಗೆ 1,100 ಕೆಜಿ ಬಂತು ಅನ್ನಿ. ಆಕ್ಸಲ್, ಚಕ್ರ, ಬ್ರೇಕ್ ಸೇರಿ 250 ಕಳೆದರೆ 850, ಒಂದು ಬದಿಗೆ 425. ಗಾಡಿ ನಿಂತಾಗ ಸ್ಪ್ರಿಂಗ್ 125 ಎಂಎಂ ಕುಗ್ಗಬೇಕಾದರೆ 425 ಭಾಗಿಸು 125, ಅಂದರೆ ಎಂಎಂಗೆ 3.4 ಕೆಜಿ. ಇಷ್ಟು ಲೆಕ್ಕ ಹೇಳಲಾಗದವನಿಗೆ ಕಾಯಿಲ್‌ಓವರ್ ಮುಟ್ಟಲು ಬಿಡಬೇಡಿ. ಬಂಪ್ ಸ್ಟಾಪ್ (ಆಕ್ಸಲ್ ಪೂರ್ತಿ ಮೇಲೆ ಬಂದಾಗ ಹೊಡೆತ ತಡೆಯುವ ರಬ್ಬರ್) ಕೂಡ ಇಟ್ಟಿರಲಿಲ್ಲ, ಪ್ರತಿ ಹೊಡೆತ ನೇರ ಶಾಕಿನ ತಲೆಗೆ. ಮೇಲಿನ ಮೌಂಟ್ ಸೀಳದೆ ಇರುತ್ತದಾ?

ನಮ್ಮ ಕಡೆಯ ಪಿಕಪ್‌ಗೆ, ವಾರಕ್ಕೊಮ್ಮೆ ಅಡಿಕೆ ಮೂಟೆ ಹೊತ್ತು ರಜೆಯಲ್ಲಿ ರಾಣಿಪುರದ ಕಡೆ ಹತ್ತುವ ಗಾಡಿಗೆ, ಲೀಫ್ ಪ್ಲೇಟೇ ಸಾಕು. ಆಕ್ಸಲನ್ನು ಪ್ಲೇಟೇ ಹಿಡಿದಿಡುತ್ತದೆ. ಲಿಂಕ್ ಬೇಡ, ಪ್ಯಾನ್‌ಹಾರ್ಡ್ ಬೇಡ, ಮೋಸಕ್ಕೆ ಜಾಗ ಕಡಿಮೆ. ತುಂಡಾದರೆ ಯಾವುದೇ ಲಾರಿ ಪ್ಲೇಟ್ ಅಂಗಡಿಯಲ್ಲಿ ರಿಪೇರಿ. ಉದ್ದದ, ತೆಳು ಪ್ಲೇಟುಗಳ ಸೆಟ್ ಹಾಕಿ, ಶ್ಯಾಕಲ್ (ಪ್ಲೇಟಿನ ತುದಿ ಆಡುವ ಕೊಂಡಿ) ಹಿಂದಿನ ತುದಿಗೆ ಇಡಿ. ಕ್ಯಾಸ್ಟರ್ (ಚಕ್ರ ತಿರುಗುವ ಅಕ್ಷದ ಹಿಂದಕ್ಕಿನ ಓರೆ) 5ರಿಂದ 7 ಡಿಗ್ರಿ ಇರಲಿ, ಅದನ್ನು ಸ್ಪ್ರಿಂಗ್ ಪ್ಯಾಡ್ ವೆಲ್ಡ್ ಮಾಡುವ ಮೊದಲೇ ನೋಡಬೇಕು. ಫ್ಲೆಕ್ಸ್ (ಆಕ್ಸಲ್ ಮೇಲೆ ಕೆಳಗೆ ಓರೆಯಾಗಿ ಆಡುವುದು) ಕಾಯಿಲ್‌ನಷ್ಟು ಬರುವುದಿಲ್ಲ, ನಿಜ.

ಯಾವುದೇ ಹಾಕಿಸಿ, ಎಂಜಿನ್ ಭಾರ ಕೂರಿಸಿ, ಬ್ರಾಕೆಟ್‌ಗಳಿಗೆ ಟ್ಯಾಕ್ (ಚುಕ್ಕೆ ವೆಲ್ಡ್) ಮಾತ್ರ ಹಾಕಿದ ಸ್ಥಿತಿಯಲ್ಲಿ ಆಕ್ಸಲನ್ನು ಪೂರ್ತಿ ಮೇಲೆ, ಪೂರ್ತಿ ಕೆಳಗೆ, ಒಂದು ಬದಿ ಮೇಲೆ ಒಂದು ಬದಿ ಕೆಳಗೆ ಆಡಿಸಿ ತೋರಿಸಲಿ. ಪ್ರತಿ ಸಲ ಸ್ಟೀರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ. ಡ್ರ್ಯಾಗ್ ಲಿಂಕ್ ಆಯಿಲ್ ಸಂಪಿಗೆ ತಾಗುತ್ತದಾ, ಬ್ರೇಕ್ ಹೋಸ್ ಎಳೆಯುತ್ತದಾ, ಪ್ರೊಪೆಲ್ಲರ್ ಶಾಫ್ಟಿನ ಸ್ಲಿಪ್ ಜಾಯಿಂಟ್ ಕಳಚುತ್ತದಾ ನೋಡಿ. ಗುಜರಿಯ ಹಳೆ ಜೀಪಿನ ಆಕ್ಸಲ್ ತಂದರೆ ಮುಂದೆ 5 ಬೋಲ್ಟ್, ಹಿಂದೆ 6. ಒಂದು ಸ್ಟೆಪ್ನಿ ಎರಡಕ್ಕೂ ಆಗುವುದಿಲ್ಲ. ಗೇರ್ ರೇಶಿಯೋ ಹಿಂದಿನದ್ದಕ್ಕೆ ಹೊಂದದಿದ್ದರೆ ಗಟ್ಟಿ ನೆಲದಲ್ಲಿ ಫೋರ್-ವೀಲ್ ಹಾಕಿದಾಗ ಮುಂದೆ ಹಿಂದೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸೇ ಬಲಿ.

"ಆರ್‌ಸಿ ನಾವು ಸರಿ ಮಾಡಿಸಿ ಕೊಡ್ತೇವೆ" ಅಂದದ್ದೂ ಸುಳ್ಳು. ಗಾಡಿ ಮಾರ್ಪಾಡಿನ ಕುರಿತಾದ, ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಬಗ್ಗೆ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದ್ದು ಕೇರಳದಿಂದ ಹೋದ ಕೇಸಿನಲ್ಲೇ. ಕಂಪೆನಿಯ ಮೂಲ ವಿನ್ಯಾಸ ಬದಲಿಸಿದ ಗಾಡಿ ರಸ್ತೆಗೆ ತಂದರೆ ಕಷ್ಟ ಅಂತ ಗ್ಯಾರೇಜಿನವರಿಗೂ ಗೊತ್ತಿತ್ತು.

ಬಿಚ್ಚಿದ ಸಾಮಾನು ಆ ದಿನವೇ ಮನೆಗೆ ತನ್ನಿ. ಸ್ಟೀರಿಂಗ್ ರ್ಯಾಕ್, ಆರ್ಮ್‌ಗಳು, ಡಿಫರೆನ್ಶಿಯಲ್ ವಾಪಸ್ ಕೊಡಿ, ಮೊದಲಿನ ಹಾಗೆ ಮಾಡಿಸಿಕೊಳ್ಳುತ್ತೇವೆ ಅಂದದ್ದಕ್ಕೆ ಬಂದ ಉತ್ತರ: "ಅದು ಗುಜರಿಗೆ ಹೋಯ್ತಲ್ಲ ಸಾರ್, ನೀವು ಬೇಕು ಅಂತ ಹೇಳ್ಲಿಲ್ಲ."