ಆಸಮ್ ಫೌಂಡೇಶನ್ ಅನುದಾನ: ಮೊತ್ತ ಚಿಕ್ಕದು, ತಲೆನೋವು ಕಡಿಮೆ

ಆಸಮ್ ಫೌಂಡೇಶನ್ (Awesome Foundation) ಅಂದರೆ ಹೊಸ ಯೋಚನೆಗಳಿಗೆ ಚಿಕ್ಕ ಅನುದಾನ ಕೊಡುವ ಸ್ವತಂತ್ರ ಗುಂಪುಗಳ, ಅಂದರೆ ಘಟಕಗಳ, ಜಾಲ. 2009ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಶುರುವಾದ ಇದರ ಲೆಕ್ಕ ಸರಳ. ಒಂದು ಘಟಕದಲ್ಲಿ ಸಾಮಾನ್ಯವಾಗಿ ಹತ್ತು ಟ್ರಸ್ಟಿಗಳು, ತಲಾ 100 ಡಾಲರ್ ಸ್ವಂತ ಜೇಬಿನಿಂದ; ಹೊಸ ಯೋಚನೆಯೊಂದಕ್ಕೆ 1000 ಡಾಲರ್. ಯೋಜನೆಯ ಮೇಲೆ ಹಕ್ಕು ಕೇಳುವುದಿಲ್ಲ, ಅದೇ ದೊಡ್ಡ ಸಮಾಧಾನ.

ಅರ್ಜಿ ಚಿಕ್ಕದು, ಎಡವುವುದೂ ಅಲ್ಲೇ. ‘ಯುವಜನರ ಸಬಲೀಕರಣ’ ಅಂತ ಬರೆದರೆ ಯಾರ ಕಣ್ಣಿಗೂ ಏನೂ ಕಟ್ಟುವುದಿಲ್ಲ. ‘ಬಸ್ ನಿಲ್ದಾಣಕ್ಕೆ ಪುಸ್ತಕದ ಕಪಾಟು: ಪ್ಲೈವುಡ್ 450, ಗಾಜಿನ ಬಾಗಿಲು 250, ಬಣ್ಣ 150, ಸಾಗಣೆ 150’ ಅಂತ ಬರೆಯಿರಿ. ದೊಡ್ಡ ಬಜೆಟ್‌ನ ತುಣುಕಿಗೆ ಕೇಳಿದರೆ ಈ ಸಾವಿರದಿಂದಲೇ ಆದದ್ದೇನು ಎಂಬುದು ಮಸುಕಾಗುತ್ತದೆ. ಸಂಬಳ, ಬಾಡಿಗೆಗಂತೂ ಇದು ಹೊಂದುವುದಿಲ್ಲ, ತಿಂಗಳೊಪ್ಪತ್ತಿನಲ್ಲಿ ಕರಗಿಹೋಗುತ್ತದೆ.

ಘಟಕಗಳು ಸ್ವತಂತ್ರ, ಅಭಿರುಚಿಯೂ ಬೇರೆಬೇರೆ. ಅವರು ಈಚೆಗೆ ಯಾವುದಕ್ಕೆ ಹಣ ಕೊಟ್ಟಿದ್ದಾರೆ ಎಂದು ನೋಡಿಕೊಂಡೇ ಅರ್ಜಿ ಹಾಕಿ.