ಎರಡು ಸೂಜಿಯೋ, ನಾಲ್ಕೋ: ಪ್ಯಾಂಕ್ರಿಯಾಸ್ ಕೆಟ್ಟು ಬಂದ ಶುಗರ್‌ಗೆ ನಾನು ಮಾಡಿ ನೋಡಿದ್ದು

ವಿಜಯಪುರದಲ್ಲಿ ನನ್ನದು ಬೋರ್‌ವೆಲ್ ಮೋಟರ್ ರಿಪೇರಿ ಕೆಲಸ. ಬೇಸಿಗೆಯಲ್ಲಿ ತಿಕೋಟಾ ಕಡೆಯ ದ್ರಾಕ್ಷಿ ತೋಟಗಳಿಂದ ಫೋನ್ ಬಂತೆಂದರೆ, ಅವತ್ತು ಊಟ ಎಷ್ಟೊತ್ತಿಗೆ ಅಂತ ಹೇಳಲು ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಬರೆದಿರುವ ಹೋಲಿಕೆ ಅರ್ಧ ಇದರ ಮೇಲೆಯೇ ನಿಂತಿದೆ.

ಕಳೆದ ವರ್ಷ, 36ನೇ ವಯಸ್ಸಿಗೆ, ಶುಗರ್ ಅಂತ ಗೊತ್ತಾಯಿತು. ಅದಕ್ಕೂ ಮೊದಲು ಆರು ವರ್ಷ ಹೊಟ್ಟೆನೋವು. ಮೇಲ್ಹೊಟ್ಟೆಯಲ್ಲಿ ಹಿಡಿದು ಬೆನ್ನಿಗೆ ಹೊಡೆಯುವ ನೋವು. ಗ್ಯಾಸ್ ಇರಬೇಕು ಅಂತ ಗುಳಿಗೆ ನುಂಗುತ್ತಾ ಬಂದೆ. ಕೊನೆಗೆ ಸ್ಕ್ಯಾನ್ ಮಾಡಿಸಿದಾಗ ಪ್ಯಾಂಕ್ರಿಯಾಸ್ ತುಂಬ ಹರಳು. ಶಾಲೆಯಲ್ಲಿ ಮೇದೋಜೀರಕ ಗ್ರಂಥಿ ಅಂತ ಓದಿದ್ದೆವಲ್ಲ, ಅದೇ. ಹೆಂಡ ಮುಟ್ಟದವರಿಗೂ ಈ ಹರಳಿನ ಕಾಯಿಲೆ ಬರುತ್ತದೆ. ಆದರೂ "ಕುಡೀತಿದ್ದೇನೋ?" ಅಂತ ಕೇಳಿದವರೇ ಜಾಸ್ತಿ. ಆ ಪ್ರಶ್ನೆ ನನಗಿಂತ ನಮ್ಮ ಅವ್ವನಿಗೆ ಹೆಚ್ಚು ನೋವು ಕೊಟ್ಟಿತು.

ಈ ಗ್ರಂಥಿ ಇನ್ಸುಲಿನ್ ಮಾಡುತ್ತದೆ ಅಂತ ಎಲ್ಲರಿಗೂ ಗೊತ್ತು. ಶುಗರ್ ಕೆಳಗೆ ಬಿದ್ದಾಗ ಮೇಲೆತ್ತುವ ಗ್ಲುಕಗಾನ್ ಕೂಡ ಇಲ್ಲಿಂದಲೇ ಬರುತ್ತದೆ. ಉಂಡಿದ್ದನ್ನು, ಮುಖ್ಯವಾಗಿ ಎಣ್ಣೆ ತುಪ್ಪದ ಅಂಶವನ್ನು, ಅರಗಿಸುವ ರಸವೂ ಇಲ್ಲಿಯದೇ. ನನ್ನಲ್ಲಿ ಈ ಮೂರೂ ಸೊರಗಿವೆ. ಹೀಗೆ ಪ್ಯಾಂಕ್ರಿಯಾಸ್ ಕೆಟ್ಟು ಬರುವ ಶುಗರ್‌ಗೆ ಡಾಕ್ಟರು ಟೈಪ್ 3ಸಿ ಅಂದರು. ಹೀಗಾಗಿ ಪಕ್ಕದ ಮನೆ ಕಾಕಾನ ಟೈಪ್ 2ಕ್ಕೆ ಹೊಂದಿದ ಸಲಹೆ ನನಗೆ ಹೊಂದಲಿಲ್ಲ. "ಊಟ ಕಡಿಮಿ ಮಾಡೋ ತಮ್ಮಾ, ಮುಂಜಾನೆದ್ದು ವಾಕಿಂಗ್ ಹೋಗು, ತಾನ ಇಳಿತೈತಿ" ಅಂದರು. ಪ್ರೀತಿಯಿಂದಲೇ ಅಂದರು. ಆಗ ನನ್ನ ತೂಕ 47 ಕೆಜಿ.

ಮೊದಲ ಮೂರು ತಿಂಗಳು ದಿನಕ್ಕೆ ಎರಡು ಸೂಜಿ. ಬೇಗ ಕೆಲಸ ಮಾಡುವ ಇನ್ಸುಲಿನ್ 30 ಭಾಗ, ನಿಧಾನದ್ದು 70 ಭಾಗ ಸೇರಿಸಿದ ಮಿಕ್ಸ್. ಬಾಟಲಿಯನ್ನು ಅಂಗೈಗಳ ನಡುವೆ ಮೆಲ್ಲಗೆ ಉರುಳಿಸಿ, ಮಜ್ಜಿಗೆ ನೀರಿನ ಹಾಗೆ ಒಂದೇ ಸಮ ಬೆಳ್ಳಗಾದ ಮೇಲೆ ಸಿರಿಂಜಿಗೆ ಎಳೆದುಕೊಳ್ಳಬೇಕು. ಚುಚ್ಚಿಕೊಂಡು ಅರ್ಧ ಗಂಟೆಗೆ ಊಟ. ಖರ್ಚು ಕಡಿಮೆ, ಸಣ್ಣ ಊರಿನ ಔಷಧಿ ಅಂಗಡಿಯಲ್ಲೂ ಸಿಗುತ್ತದೆ, ದಿನಕ್ಕೆ ಎರಡೇ ಸಲ ನೆನಪಿಟ್ಟರೆ ಸಾಕು. ಇವು ಸಣ್ಣ ಅನುಕೂಲಗಳಲ್ಲ.

ಆದರೆ ಮುಂಜಾನೆ ಏಳಕ್ಕೆ ಹಾಕಿದ ಆ ನಿಧಾನದ ಭಾಗ ಮಧ್ಯಾಹ್ನದ ಹೊತ್ತಿಗೆ ಜೋರಾಗುತ್ತದೆ. ನೀವು ಉಂಡಿರಿ, ಬಿಟ್ಟಿರಿ, ಅದು ತನ್ನ ಕೆಲಸ ಮಾಡಿಯೇ ತೀರುತ್ತದೆ. ಒಂದು ದಿನ ತೋಟದಲ್ಲಿ ಮೋಟರ್ ಮೇಲೆತ್ತುತ್ತಾ ಮೂರು ಗಂಟೆಯಾಯಿತು. ಪೈಪು ಹಿಡಿದ ಕೈ ನಡುಗಿತು. ಅಂಗಿ ಬೆವರಿಗೆ ತೊಯ್ದು ಮೈಗೆ ಅಂಟಿತ್ತು. ಬಿಸಿಲಿಗೆ ಹೀಗಾಗಿದೆ ಅಂದುಕೊಂಡೆ. ಮುಂದಿನ ಬೋಲ್ಟ್ ಯಾವ ಕಡೆ ತಿರುಗಿಸಬೇಕು ಅನ್ನುವುದೇ ತಿಳಿಯಲಿಲ್ಲ. ಬೆರಳು ಚುಚ್ಚಿ ನೋಡಿದರೆ ಶುಗರ್ 52. ತೋಟದ ಮಾಲೀಕರು ಶೆಡ್ಡಿನಿಂದ ಒಂದು ಮುಷ್ಟಿ ಒಣದ್ರಾಕ್ಷಿ ತಂದು ಬಾಯಿಗೆ ಹಾಕಿದರು. ಅಗಿಯಲು ದವಡೆಯಲ್ಲಿ ಶಕ್ತಿ ಇರಲಿಲ್ಲ. ಬೇರೆಯವರ ದೇಹದಲ್ಲಿ ಇಂಥ ಹೊತ್ತಿಗೆ ಗ್ಲುಕಗಾನ್ ಸ್ವಲ್ಪವಾದರೂ ಕೈಹಿಡಿಯುತ್ತದೆ. ನಮ್ಮಂಥವರಿಗೆ ಆ ಆಸರೆ ಅಷ್ಟಾಗಿ ಇಲ್ಲ. ನಮಗೆ 300ಕ್ಕಿಂತ 50 ದೊಡ್ಡ ಭಯ ಅಂತ ಅವತ್ತು ಅರ್ಥವಾಯಿತು.

ಅಂದಿನಿಂದ ಜೇಬಿನಲ್ಲಿ ಗ್ಲೂಕೋಸ್ ಪುಡಿ. ಮೂರು ಚಮಚ ನೀರಿಗೆ ಹಾಕಿ ಕುಡಿದು, 15 ನಿಮಿಷ ಕೂತು, ಮತ್ತೆ ಚೆಕ್ ಮಾಡುವುದು. ಚಾಕೊಲೇಟ್ ಕೂಡ ಇಟ್ಟು ನೋಡಿದೆ. ಅದರಲ್ಲಿರುವ ಕೊಬ್ಬಿನಿಂದ ಸಕ್ಕರೆ ರಕ್ತಕ್ಕೆ ಸೇರುವುದು ತಡವಾಗುತ್ತದೆ, ವಿಜಯಪುರದ ಬಿಸಿಲಿಗೆ ಕರಗಿಯೂ ಹೋಗುತ್ತದೆ.

ಆಮೇಲೆ ನಾಲ್ಕು ಸೂಜಿಗೆ ಬದಲಾದೆ. ರಾತ್ರಿ ಒಂದು, ಇಡೀ ದಿನಕ್ಕೆ ತಳಪಾಯದ ಹಾಗೆ. ಮತ್ತೆ ಮೂರು ಊಟಕ್ಕೆ ಮೂರು, ಬೇಗ ಕೆಲಸ ಮಾಡುವಂಥದ್ದು. ಊಟ ಮೂರಕ್ಕಾದರೆ ಸೂಜಿಯೂ ಮೂರಕ್ಕೆ. ಊಟ ಬಿಟ್ಟರೆ ಆ ಸೂಜಿಯೂ ಬಿಟ್ಟೆ. ರಾತ್ರಿಯದನ್ನು ಮಾತ್ರ ಬಿಡುವ ಹಾಗಿಲ್ಲ. ಖರ್ಚು ಎರಡು ಪಟ್ಟಿಗಿಂತ ಜಾಸ್ತಿಯಾಯಿತು. ಮಂದಿಯ ಎದುರು ಅಂಗಿ ಎತ್ತಿ ಚುಚ್ಚಿಕೊಳ್ಳಲು ನಾಚಿಕೆಯೂ ಆಗುತ್ತಿತ್ತು, ಅದು ಎರಡು ವಾರಕ್ಕೆ ಹೋಯಿತು. ನನ್ನ ಕೆಲಸಕ್ಕೆ ನಾಲ್ಕೇ ಸರಿ. ಅಂಗಡಿಯಲ್ಲಿ ಕೂತು ಒಂದೂವರೆಗೆ ಸರಿಯಾಗಿ ಬುತ್ತಿ ಬಿಚ್ಚುವವರಿಗೆ ಎರಡು ಸಾಕಾಗಬಹುದು. ನಿಮ್ಮ ಡಾಕ್ಟರಿಗೆ ಊಟದ ಹೊತ್ತನ್ನು ಇದ್ದ ಹಾಗೆ ಹೇಳಿ. ನಾನು "ಟೈಮಿಗೆ ಉಣ್ತೀನ್ರಿ" ಅಂತ ಸುಮ್ನೆ ಹೇಳಿದ್ದೆ.

ಸಿರಿಂಜು, ಮತ್ತೆ ಅದರ ಬದಲು ಚುಚ್ಚಿಕೊಳ್ಳುವ ಇನ್ಸುಲಿನ್ ಪೆನ್ನಿನ ಬಗ್ಗೆ ಒಂದು ಎಚ್ಚರಿಕೆ. ನನ್ನ ಬಾಟಲಿಯಲ್ಲಿ ಒಂದು ಎಂಎಲ್‌ಗೆ 40 ಯೂನಿಟ್ ಇತ್ತು, ಅದರ ಸಿರಿಂಜಿಗೆ ಕೆಂಪು ಮುಚ್ಚಳ. ಪೆನ್ನಿನ ಕಾರ್ಟ್ರಿಜ್‌ನಲ್ಲಿ ಒಂದು ಎಂಎಲ್‌ಗೆ 100 ಯೂನಿಟ್. ಪೆನ್ನು ಕೆಟ್ಟಿತು ಅಂತ ಅದರ ಔಷಧವನ್ನು ಕೆಂಪು ಮುಚ್ಚಳದ ಸಿರಿಂಜಿಗೆ ಎಳೆದರೆ ಎರಡೂವರೆ ಪಟ್ಟು ಒಳಗೆ ಹೋಗುತ್ತದೆ. ಹಾಗೆ ಮಾತ್ರ ಮಾಡಬೇಡಿ.

ಇಷ್ಟಾದರೂ ಲೆಕ್ಕ ಹತ್ತಲಿಲ್ಲ. ಅದೇ ಎರಡು ರೊಟ್ಟಿ, ಅದೇ ಯೂನಿಟ್, ಒಂದು ದಿನ 90, ಮರುದಿನ 260. ನಾನು ಇನ್ಸುಲಿನ್ ಜೊತೆ ಇನ್ಸುಲಿನ್ ಹೋಲಿಸುತ್ತಾ ಕೂತಿದ್ದೆ. ತಪ್ಪಿದ್ದು ಬೇರೆ ಕಡೆ.

ಜೀರ್ಣಕ್ಕೆ ಎಂಜೈಮ್ ಕ್ಯಾಪ್ಸೂಲ್ ಬರೆದುಕೊಟ್ಟಿದ್ದರು. ಅದನ್ನು ಗ್ಯಾಸಿನ ಗುಳಿಗೆಯ ಹಾಗೆ ಊಟಕ್ಕೆ ಅರ್ಧ ಗಂಟೆ ಮೊದಲು, ಖಾಲಿ ಹೊಟ್ಟೆಯಲ್ಲಿ ನುಂಗುತ್ತಿದ್ದೆ. ಕೆಲವು ದಿನ ಮರೆಯುತ್ತಲೂ ಇದ್ದೆ. ಸಂಡಾಸಿನಲ್ಲಿ ಮಲ ತೇಲುತ್ತಿತ್ತು, ಮೇಲೆ ಎಣ್ಣೆ ಪಸೆ, ನೀರು ಹಾಕಿದರೂ ಹೋಗದು. ಇದನ್ನು ಹೇಳಿಕೊಳ್ಳಲು ನಾಚಿ ಆರು ತಿಂಗಳು ಕಳೆದೆ. ನೀವು ನಾಚಬೇಡಿ. ಉಂಡಿದ್ದು ರಕ್ತಕ್ಕೆ ಸೇರದೆ ಹಾಗೇ ಹೊರಗೆ ಹೋಗುತ್ತಿತ್ತು, ಒಳಗೆ ಇನ್ಸುಲಿನ್ ಮಾತ್ರ ಉಳಿಯುತ್ತಿತ್ತು. ಶುಗರ್ ಬೀಳದೆ ಇನ್ನೇನು?

ಹೊಸ ಡಾಕ್ಟರು ಸರಿಯಾದ ರೀತಿ ಕಲಿಸಿದರು. 25,000 ಯೂನಿಟ್ಟಿನ ಎರಡು ಕ್ಯಾಪ್ಸೂಲ್: ಒಂದು ಮೊದಲ ತುತ್ತಿನ ಜೊತೆ, ಇನ್ನೊಂದು ಊಟದ ನಡುವೆ. ಚಹಾದ ಜೊತೆ ತಿಂಡಿ ತಿಂದರೆ ಒಂದು, ಅದನ್ನೂ ಬಿಸಿ ಚಹಾದಲ್ಲಲ್ಲ, ತಣ್ಣೀರಲ್ಲಿ ನುಂಗಬೇಕು. ಅಗಿಯಬಾರದು. ಇದು ಹಂದಿಯ ಪ್ಯಾಂಕ್ರಿಯಾಸ್‌ನಿಂದ ಮಾಡುವ ಔಷಧ ಅಂತಲೂ ಅವರೇ ಮುಚ್ಚಿಡದೆ ಹೇಳಿದರು. ನಮ್ಮದು ಮೊಟ್ಟೆಯನ್ನೂ ತಿನ್ನದ ಮನೆ. ಎರಡು ದಿನ ಡಬ್ಬಿ ಮುಟ್ಟಲಿಲ್ಲ. ಅವ್ವನ ಮುಂದೆ ಇಟ್ಟು ವಿಷಯ ಹೇಳಿದೆ. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು, ತಾನೇ ನೀರು ತಂದು ಕೊಟ್ಟಳು. "ಔಷಧಕ್ಕ ಮಡಿ ಮೈಲಿಗಿ ಇಲ್ಲೋ ಯಪ್ಪಾ, ನುಂಗು" ಅಂದಳು.

ಮೂರೇ ದಿನಕ್ಕೆ ಶುಗರ್ ಏರಿತು. ಔಷಧವೇ ಕೆಡಿಸಿತು ಅಂತ ಹೆದರಿದೆ. ಅಲ್ಲ, ಉಂಡಿದ್ದು ಮೈಗೆ ಹತ್ತಲು ಶುರುವಾಗಿತ್ತು. ಡಾಕ್ಟರು ಪ್ರತಿ ಊಟಕ್ಕೂ ಇನ್ಸುಲಿನ್ ಎರಡು ಯೂನಿಟ್ ಏರಿಸಿದರು. ಆಮೇಲೆ ಅದೇ ರೊಟ್ಟಿಗೆ ಹೆಚ್ಚುಕಡಿಮೆ ಅದೇ ನಂಬರ್ ಬರತೊಡಗಿತು. ನಾಲ್ಕು ತಿಂಗಳಿಗೆ 53 ಕೆಜಿ ಆದೆ. ಬಿಟ್ಟಿದ್ದ ಶೇಂಗಾ ಹಿಂಡಿ ಮತ್ತೆ ತಾಟಿಗೆ ಬಂತು, ಮೇಲೆ ಎಣ್ಣೆ ಹಾಕಿಕೊಂಡು.

ಈ ಹಂತದಲ್ಲಿ, ಶುಗರನ್ನು ಹಗಲು ರಾತ್ರಿ ಅಳೆದು ಗೆರೆಯಲ್ಲಿ ತೋರಿಸುವ ಸೆನ್ಸರ್ ಹಾಕಿಸಿ ನೋಡಿದೆ. ತೋಳಿಗೆ ಅಂಟಿಸಿದರೆ 14 ದಿನ. ನಸುಕಿನ ಮೂರಕ್ಕೆ ಶುಗರ್ 60ಕ್ಕೆ ಇಳಿಯುತ್ತಿದ್ದುದನ್ನು ತೋರಿಸಿದ್ದು ಅದೇ. ಬೆರಳು ಚುಚ್ಚುವ ಮೀಟರಿನಲ್ಲಿ ಆ ಹೊತ್ತಿಗೆ ಯಾರು ನೋಡುತ್ತಾರೆ? ರಾತ್ರಿಯ ಸೂಜಿ ಎರಡು ಯೂನಿಟ್ ಕಡಿಮೆಯಾಯಿತು. ಅನ್ನ ಉಂಡರೆ ಗಂಟೆಯೊಳಗೆ ಗೆರೆ ಜಿಗಿಯುತ್ತಿತ್ತು, ಬಿಸಿ ಜೋಳದ ರೊಟ್ಟಿಗೆ ನಿಧಾನವಾಗಿ ಏರುತ್ತಿತ್ತು. ಆದರೆ ನಾರು ಒಳ್ಳೆಯದು ಅಂತ ಹಸಿ ತಪ್ಪಲು, ಕಾಳು ಅತಿಯಾದ ದಿನ ಹೊಟ್ಟೆ ಉಬ್ಬುತ್ತದೆ. ಬಹಳ ನಾರು ಎಂಜೈಮಿನ ಕೆಲಸಕ್ಕೂ ಅಡ್ಡಿ ಅಂತೆ. ಇದು ಡಾಕ್ಟರ ಮಾತು.

ಸೆನ್ಸರಿನ ಕೊರತೆಯನ್ನೂ ಹೇಳಬೇಕು. ಅದು ಚರ್ಮದ ಕೆಳಗಿನ ದ್ರವದಲ್ಲಿ ಅಳೆಯುತ್ತದೆ, ರಕ್ತಕ್ಕಿಂತ ಕೆಲವು ನಿಮಿಷ ಹಿಂದೆ ಇರುತ್ತದೆ. ಒಂದು ರಾತ್ರಿ ಆ ತೋಳಿನ ಮೇಲೆಯೇ ಮಲಗಿದ್ದಕ್ಕೆ 58 ತೋರಿಸಿತು, ಬೆರಳಲ್ಲಿ 96 ಇತ್ತು. ಎರಡನೆಯ ಸೆನ್ಸರ್ ಬೆವರಿಗೆ ಒಂಬತ್ತನೇ ದಿನವೇ ಕಳಚಿ ಬಿತ್ತು. ಪ್ರತಿ ತಿಂಗಳು ಕೊಳ್ಳುವುದು ನನ್ನಿಂದ ಆಗದು. ಡೋಸ್ ಬದಲಾದಾಗ ಒಂದು ಸೆನ್ಸರ್, ಉಳಿದ ದಿನ ಮೀಟರ್.

ಒಡೆಯದ ಇನ್ಸುಲಿನ್ ಮನೆಯ ಫ್ರಿಜ್ಜಿನಲ್ಲಿ, ಫ್ರೀಜರ್ ಪೆಟ್ಟಿಗೆಯಿಂದ ದೂರ. ಬಳಸುತ್ತಿರುವ ಪೆನ್ನು ಒದ್ದೆ ಬಟ್ಟೆಯ ಚೀಲದಲ್ಲಿ ನನ್ನ ಜೊತೆ ಬರುತ್ತದೆ. ಮೊದಲು ಬೈಕಿನ ಡಿಕ್ಕಿಯಲ್ಲಿಟ್ಟು ಒಂದು ಪೆನ್ನು ಹಾಳು ಮಾಡಿಕೊಂಡಿದ್ದೆ. ಈಗ ತೋಟ ಮುಟ್ಟಿದ ಕೂಡಲೇ ದ್ರಾಕ್ಷಿ ಚಪ್ಪರದ ನೆರಳಲ್ಲಿ ಚೀಲ ಕಟ್ಟುತ್ತೇನೆ. ಮೋಟರ್ ಶುರುವಾಗಿ ಪೈಪಿನಲ್ಲಿ ಮೊದಲ ನೀರು ಬಂದಾಗ ಚೀಲವನ್ನು ಅದರಲ್ಲೇ ಮತ್ತೊಮ್ಮೆ ತೋಯಿಸಿ, ಊಟಕ್ಕೆ ಕೂರುತ್ತೇನೆ.